ಕಲಿಸುವ ಭಾಷೆ ಬೇರೆ, ಮಕ್ಕಳು ಮಾಡುವ ತಪ್ಪು ಒಂದೇ

ಪ್ರಶ್ನೆ: ಕೋಲಾರದ ಒಂದು ತರಬೇತಿ ಕೇಂದ್ರದಲ್ಲಿ ಮೂರು ವರ್ಷದಿಂದ ಜಪಾನಿ ಭಾಷೆ ಕಲಿಸುತ್ತಿದ್ದೇನೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು, ಡಿಪ್ಲೊಮಾ ಮುಗಿಸಿದ ಹುಡುಗರು ಬರುತ್ತಾರೆ. ಪ್ರತಿ ಬ್ಯಾಚಿಗೂ ಅದೇ ಎನ್5 (ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಮೊದಲ ಹಂತ) ಪಾಠ. ಶುರುವಿನಲ್ಲಿದ್ದ ಹುರುಪು ಈಗ ಉಳಿದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಜರ್ಮನ್ ಕಲಿಸುವ ಒಬ್ಬರು, ತುಮಕೂರಿನಲ್ಲಿ ಫ್ರೆಂಚ್ ಕಲಿಸುವ ಇಬ್ಬರು ಪರಿಚಯವಿದ್ದಾರೆ. ಎಲ್ಲರೂ ಸೇರಿ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡೆವು, ಎರಡೇ ತಿಂಗಳಿಗೆ ತಣ್ಣಗಾಯಿತು. ಭಾಷೆಯೇ ಬೇರೆ ಬೇರೆ ಆಗಿರುವಾಗ ನಾವು ಒಟ್ಟಿಗೆ ಕೂತು ಮಾಡುವುದಾದರೂ ಏನು?

ಉತ್ತರ: ಮಾಡುವ ಕೆಲಸ ಬೇಕಾದಷ್ಟಿದೆ. ನಿಮ್ಮ ನಾಲ್ವರ ಮುಂದೆ ಕೂರುವ ವಿದ್ಯಾರ್ಥಿ ಒಂದೇ ಬಗೆಯವನು. ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಉರ್ದುವನ್ನೋ ಆಡುತ್ತಾನೆ. ಶಾಲೆಯಲ್ಲಿ ಇಂಗ್ಲಿಷನ್ನು ಹೆದರಿ ಹೆದರಿ ಕಲಿತಿರುತ್ತಾನೆ. ಈಗ ಆ ಇಂಗ್ಲಿಷಿನಲ್ಲೇ ಬರೆದ ಪುಸ್ತಕದಿಂದ ಮೂರನೆಯ ಭಾಷೆ ಕಲಿಯಬೇಕಾಗಿದೆ. ಅವನು ಜಪಾನಿಯಲ್ಲಿ ಎಡವುವ ಜಾಗಕ್ಕೂ ಜರ್ಮನ್‌ನಲ್ಲಿ ಎಡವುವ ಜಾಗಕ್ಕೂ ಎಷ್ಟೋ ಸಲ ಕಾರಣ ಒಂದೇ ಆಗಿರುತ್ತದೆ. ನಿಮ್ಮ ಗುಂಪಿನ ಕೆಲಸ ಆ ಕಾರಣಗಳನ್ನು ಹುಡುಕುವುದು. ಹಾಡು, ಹಬ್ಬದ ಶುಭಾಶಯ, ಪಿಡಿಎಫ್ ಹಂಚಿಕೊಳ್ಳುವ ಗುಂಪು ಬಾಳುವುದಿಲ್ಲ, ಅಲ್ಲಿ ಯಾರಿಗೂ ಯಾರಿಂದಲೂ ಏನೂ ಬೇಕಾಗಿರುವುದಿಲ್ಲ.

ಒಂದು ಉದಾಹರಣೆಯಿಂದಲೇ ಶುರು ಮಾಡೋಣ. ‘ಎ’ಯಿಂದ ಶುರುವಾಗುವ ಪದವನ್ನು ನಾವು ‘ಯೆ’ ಎಂದು, ‘ಒ’ದಿಂದ ಶುರುವಾಗುವುದನ್ನು ‘ವೊ’ ಎಂದು ಆಡುತ್ತೇವೆ. ಎಲೆ ಎಂದು ಬರೆದು ಯೆಲೆ ಎನ್ನುತ್ತೇವೆ, ಒಂದು ಎಂದು ಬರೆದು ವೊಂದು ಎನ್ನುತ್ತೇವೆ. ಕನ್ನಡದಲ್ಲಿ ಅದು ತಪ್ಪಲ್ಲ, ಯಾರ ಕಿವಿಗೂ ಬೀಳುವುದಿಲ್ಲ. ಅದೇ ಬಾಯಿ ಜಪಾನಿಗೆ ಹೋದಾಗ ‘ಎಕಿ’ (ರೈಲು ನಿಲ್ದಾಣ) ‘ಯೆಕಿ’ ಆಗುತ್ತದೆ, ‘ಒಹಯೋ’ ‘ವೊಹಯೋ’ ಆಗುತ್ತದೆ. ಜರ್ಮನ್ ತರಗತಿಯಲ್ಲಿ ‘ಎಂಡೆ’ ‘ಯೆಂಡೆ’, ಫ್ರೆಂಚ್ ತರಗತಿಯಲ್ಲಿ ‘ಎಲ್’ ‘ಯೆಲ್’. ಮೂರೂ ಊರಿನಲ್ಲಿ ನಾಲ್ವರು ಶಿಕ್ಷಕರೂ ಇದನ್ನು ಒಂಟಿಯಾಗಿ ತಿದ್ದುತ್ತಾ ‘ಈ ಬ್ಯಾಚಿಗೆ ಉಚ್ಚಾರಣೆಯೇ ಬರುವುದಿಲ್ಲ’ ಎಂದು ಬೇಸರಪಟ್ಟುಕೊಳ್ಳುತ್ತಿರುತ್ತಾರೆ. ತಿದ್ದುವ ದಾರಿ ಒಂದೇ. ನಾಲಿಗೆ ಮೊದಲೇ ಮೇಲೇಳುವುದರಿಂದ ಆ ‘ಯ’ ನುಸುಳುತ್ತದೆ. ಆದ್ದರಿಂದ ಮೊದಲು ದವಡೆ ಇಳಿಸಿಸಿ, ‘ಎ’ ಒಂದನ್ನೇ ಎರಡು ಸೆಕೆಂಡು ಹಿಡಿಸಿ, ಆಮೇಲೆ ‘ಕಿ’ ಸೇರಿಸಿಸಿ. ದಿನಕ್ಕೆ ಎಂಟು ಪದ, ಮೂರು ನಿಮಿಷ, ಎರಡು ವಾರ ಬಿಡದೆ ಮಾಡಿಸಿ. ‘ವೊ’ಗೆ ಕನ್ನಡಿ ಬೇಕು. ಶುರುವಿನಲ್ಲಿ ತುಟಿ ಮುಂದಕ್ಕೆ ಚಾಚಿ ಹಿಂದೆ ಸರಿಯುವುದು ಕನ್ನಡಿಯಲ್ಲಿ ಅವನಿಗೇ ಕಾಣುತ್ತದೆ. ಈ ಅಭ್ಯಾಸವನ್ನು ಒಬ್ಬರು ರೂಪಿಸಿದರೆ ಉಳಿದ ಮೂವರು ತಮ್ಮ ಭಾಷೆಯ ಎಂಟು ಪದ ತುಂಬಿಕೊಂಡರೆ ಮುಗಿಯಿತು.

ತುಟಿಯ ಮಾತು ಬಂದದ್ದರಿಂದ ಇನ್ನೊಂದು. ಜರ್ಮನ್‌ನ ಎರಡು ಚುಕ್ಕೆಯ ‘ಯು’ ಸ್ವರವೂ ಫ್ರೆಂಚಿನ ‘ತು’ ಪದದಲ್ಲಿರುವ ಸ್ವರವೂ ಒಂದೇ. ‘ಈ’ ಎನ್ನುತ್ತಾ ನಾಲಿಗೆ ಕದಲಿಸದೆ ತುಟಿಯನ್ನು ಮಾತ್ರ ‘ಊ’ಗೆ ತಂದರೆ ಅದು ಬರುತ್ತದೆ. ಇನ್ನು ‘ನಾನು’ ಎಂಬ ಜರ್ಮನ್ ಪದವನ್ನು ಹುಡುಗರು ನೋಟ್‌ಬುಕ್ಕಿನಲ್ಲಿ ‘ಇಖ್’ ಎಂದೋ ‘ಇಶ್’ ಎಂದೋ ಬರೆದುಕೊಂಡು ಹಾಗೆಯೇ ಓದುತ್ತಾರೆ. ‘ಯ್’ ಎನ್ನಲು ನಾಲಿಗೆ ಇಡುವ ಜಾಗದಲ್ಲೇ ಇಟ್ಟು, ದನಿ ತೆಗೆದು, ಬರೀ ಉಸಿರು ಊದಿಸಿದರೆ ಸರಿಯಾದ ಸದ್ದು ಸಿಗುತ್ತದೆ. ಚಿಕ್ಕಬಳ್ಳಾಪುರದ ನಿಮ್ಮ ಗೆಳೆಯರಿಗೆ ಇದನ್ನು ಹೇಳಿ.

ವ್ಯಾಕರಣಕ್ಕೆ ಬಂದರೆ ನಿಮ್ಮ ಕೈಯಲ್ಲಿರುವುದು ದೊಡ್ಡ ಗಂಟು. ಇಂಗ್ಲಿಷ್ ಪುಸ್ತಕಗಳು ಜಪಾನಿಯ ‘ತೆ ಮಿರು’, ‘ತೆ ಶಿಮವು’, ‘ತೆ ಒಕು’ ರೂಪಗಳಿಗೆ ಪುಟಗಟ್ಟಲೆ ವಿವರಣೆ ಕೊಡುತ್ತವೆ. ಕನ್ನಡದಲ್ಲಿ ಅವು ಅಡುಗೆಮನೆಯಲ್ಲೇ ಇವೆ. ‘ತಬೆತೆ ಮಿರು’ ಅಂದರೆ ತಿಂದು ನೋಡು. ಪದಕ್ಕೆ ಪದ: ‘ತಬೆತೆ’ ತಿಂದು, ‘ಮಿರು’ ನೋಡು. ‘ವಸುರೆತೆ ಶಿಮತ್ತ’ ಅಂದರೆ ಮರೆತುಬಿಟ್ಟೆ. ‘ಕತ್ತೆ ಒಕು’ ಅಂದರೆ ಕೊಂಡಿಡು, ‘ಒಕು’ ಎಂದರೆ ಇಡು ಎಂದೇ. (ಕತ್ತೆ ಎಂದಾಗ ಹುಡುಗರು ನಗುತ್ತಾರೆ, ನಗಲಿ, ಆ ರೂಪವನ್ನು ಮತ್ತೆ ಮರೆಯುವುದಿಲ್ಲ.) ‘ಇಕು ತೊ ಇತ್ತ’ ಅಂದರೆ ‘ಹೋಗ್ತೀನಿ ಅಂತ ಹೇಳಿದ’. ಆ ‘ತೊ’ ನಮ್ಮ ‘ಅಂತ’. ‘ಕಿನೋ ಕಿತ ಹಿತೊ’ ಅಂದರೆ ನಿನ್ನೆ ಬಂದ ಮನುಷ್ಯ, ನಮ್ಮಂತೆಯೇ ಕ್ರಿಯೆ ಮುಂದೆ, ನಾಮಪದ ಹಿಂದೆ. ಕಾಯಿಗೆ ಒಂದು, ಎರಡು ಎಂದು ಎಣಿಸಿ ಜನಕ್ಕೆ ಒಬ್ಬರು, ಇಬ್ಬರು ಎನ್ನುವುದು ನಮಗೆ ಹುಟ್ಟಿನಿಂದ ಬಂದದ್ದು. ಜಪಾನಿಯ ‘ಹಿತೊರಿ’, ‘ಫುತರಿ’ ಅದೇ. ತೆಲುಗು ಮನೆಮಾತಿನ ಮಕ್ಕಳಿಗೂ ಇದು ನಡೆಯುತ್ತದೆ, ‘ಚೇಸಿ ಚೂಡು’ (ಮಾಡಿ ನೋಡು) ಅವರ ಬಾಯಲ್ಲಿದೆ. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ಅಂಥವರು ಬಹಳ. ಇದನ್ನೆಲ್ಲ ಇಂಗ್ಲಿಷಿನ ಮೂಲಕ ಕಲಿಸುವುದೆಂದರೆ ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ.

ಹ್ರಸ್ವ ದೀರ್ಘವೂ ಹಾಗೆಯೇ. ‘ಒಬಸನ್’ ಎಂದರೆ ಅತ್ತೆಯೋ ಚಿಕ್ಕಮ್ಮನೋ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆ ಚೀಟಿ. ಕತೆಗೂ ಕತ್ತೆಗೂ ವ್ಯತ್ಯಾಸ ಬಲ್ಲ ಮಗುವಿಗೆ ಇದು ಹತ್ತು ನಿಮಿಷದ ಪಾಠ. ಆದರೆ ರೋಮನ್ ಅಕ್ಷರದಲ್ಲಿ ಕಲಿಸಿದರೆ ಆ ದೀರ್ಘ ಕಣ್ಣಿಗೇ ಬೀಳುವುದಿಲ್ಲ, ಕಿವಿಗೂ ಬೀಳದೆ ಹೋಗುತ್ತದೆ. ಮೊದಲ ಎರಡು ವಾರ, ಜಪಾನಿಯ ಮೂಲ ಲಿಪಿಯಾದ ಹಿರಗಾನದ 46 ಅಕ್ಷರ ಕೈಗೆ ಕೂರುವ ತನಕ, ಉಚ್ಚಾರಣೆಗೆ ರೋಮನ್ ಬದಲು ಕನ್ನಡ ಅಕ್ಷರ ಬಳಸಿ. ಅಲ್ಲಿಂದಾಚೆಗೆ ಅದನ್ನೂ ಬಿಡಿಸಿಬಿಡಿ. ‘ತ್ಸು’ ಮತ್ತು ಜಪಾನಿಯ ‘ಜ಼’ ಕನ್ನಡ ಅಕ್ಷರದಲ್ಲಿ ನೆಟ್ಟಗೆ ಕೂರುವುದಿಲ್ಲ, ವಾಕ್ಯದ ಕೊನೆಯಲ್ಲಿ ಬರುವ ‘ದೆಸು’ವಿನ ‘ಉ’ ಮಾತಿನಲ್ಲಿ ಕೇಳಿಸುವುದಿಲ್ಲ, ಆದರೆ ‘ದೆಸು’ ಎಂದು ಬರೆದುಕೊಂಡವನು ‘ದೆಸ್’ ಎನ್ನಲಾರ.

ಕನ್ನಡ ಕೈಹಿಡಿಯುವಷ್ಟೇ ಗಟ್ಟಿಯಾಗಿ ಕೆಲವೆಡೆ ದಾರಿ ತಪ್ಪಿಸುತ್ತದೆ. ಅವೇ ನಿಮ್ಮ ಗುಂಪಿನ ನಿಜವಾದ ಆಸ್ತಿ. ‘ನಾಯಿ ಇದೆ, ಮೇಜು ಇದೆ’ ಎನ್ನುವ ನಾವು ‘ಇನು ಗ ಅರಿಮಸು’ ಎಂದುಬಿಡುತ್ತೇವೆ. ಜಪಾನಿಯಲ್ಲಿ ಗೆರೆ ಎಳೆದಿರುವುದು ಬೇರೆ ಕಡೆ. ಜೀವವಿದ್ದು ಓಡಾಡುವುದಕ್ಕೆಲ್ಲ ‘ಇಮಸು’, ಹಸುವಿಗೂ ಅದೇ, ಅಣ್ಣನಿಗೂ ಅದೇ. ‘ಕೋಲಾರದಲ್ಲಿ ಇದ್ದೇನೆ’, ‘ಕೋಲಾರದಲ್ಲಿ ಕೆಲಸ ಮಾಡುತ್ತೇನೆ’ ಎರಡಕ್ಕೂ ನಮಗೆ ಒಂದೇ ‘ಅಲ್ಲಿ’. ಜಪಾನಿಯಲ್ಲಿ ಇರುವುದಕ್ಕೆ ‘ನಿ’, ಮಾಡುವುದಕ್ಕೆ ‘ದೆ’. ಎನ್5 ಪರೀಕ್ಷೆಯಲ್ಲಿ ಈ ಜೋಡಿ ಅಂಕ ಕಳೆಯುತ್ತದೆ.

ಜರ್ಮನ್ ಕಲಿಸುವವರಿಗೂ ಇಂಥ ಪಟ್ಟಿ ಬೇಕು. ಚಳಿಯಾದಾಗ ವಿದ್ಯಾರ್ಥಿ ಇಂಗ್ಲಿಷಿನಿಂದ ತಂದು ‘ನಾನು ತಣ್ಣಗಿದ್ದೇನೆ’ ಎಂಬಂತೆ ಹೇಳುತ್ತಾನೆ. ಜರ್ಮನ್‌ನಲ್ಲಿ ಅದು ಕಲ್ಲುಮನಸ್ಸಿನವನು ಎಂಬ ಅರ್ಥಕ್ಕೆ ಹೊರಳುತ್ತದೆ. ಸರಿಯಾದದ್ದು ‘ಮಿರ್ ಇಸ್ಟ್ ಕಾಲ್ಟ್’, ಅಂದರೆ ನಮ್ಮ ‘ನನಗೆ ಚಳಿ’. ಆ ‘ಗೆ’ಯೇ ಅಲ್ಲಿ ಚತುರ್ಥಿ. ಪುಸ್ತಕ ಇಷ್ಟವಾಯಿತು ಎನ್ನುವಾಗಲೂ ‘ನನಗೆ’. ಹಾಗೆಂದು ಎಲ್ಲಕ್ಕೂ ಹಚ್ಚುವಂತಿಲ್ಲ, ಹಸಿವಿಗೆ ಜರ್ಮನ್ ಫ್ರೆಂಚ್ ಎರಡೂ ‘ನಾನು ಹಸಿವು ಹೊಂದಿದ್ದೇನೆ’ ಎಂಬ ದಾರಿ ಹಿಡಿಯುತ್ತವೆ. ‘ಏಕೆಂದರೆ’ ಎಂಬ ಅರ್ಥದ ‘ವೈಲ್’ ಬಂದಾಗ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುವುದು ಇಂಗ್ಲಿಷ್ ಅಭ್ಯಾಸದವರಿಗೆ ಕಷ್ಟ, ನಮಗೆ ಸಲೀಸು. ಮಗು ಎಂಬ ಪದ ಅಲ್ಲಿ ನಪುಂಸಕ ಲಿಂಗ ಎಂದು ಬೆರಗಾಗುವವರಿಗೆ ‘ಮಗು ಬಂತು’ ಎಂಬ ನಮ್ಮ ಮಾತನ್ನೇ ನೆನಪಿಸಿ. ಮೇಜು ಗಂಡು, ದೀಪ ಹೆಣ್ಣು ಎಂಬುದಕ್ಕೆ ಮಾತ್ರ ಕನ್ನಡದಿಂದ ಯಾವ ನೆರವೂ ಇಲ್ಲ. ಪ್ರತಿ ಪದವನ್ನೂ ಅದರ ಲಿಂಗಸೂಚಕದ ಜೊತೆಗೇ ಬಾಯಿಪಾಠ ಮಾಡಿಸಬೇಕು.

ಒಂದು ಎಚ್ಚರಿಕೆ. ಕನ್ನಡದಲ್ಲಿ ಎರಡು ನಿಮಿಷ ಹೇಳಿ, ಮುಂದಿನ ಇಪ್ಪತ್ತು ನಿಮಿಷ ಆ ಭಾಷೆಯಲ್ಲೇ ಆಡಿಸಿ. ಹೋಲಿಕೆ ರುಚಿ ಹತ್ತಿದ ಮೇಲೆ ಶಿಕ್ಷಕರು ಅದನ್ನೇ ಪಾಠ ಮಾಡಿಬಿಡುವುದುಂಟು. ಆಗ ಮಕ್ಕಳಿಗೆ ಜಪಾನಿಯ ಬಗ್ಗೆ ಗೊತ್ತಿರುತ್ತದೆ, ಜಪಾನಿ ಬರುವುದಿಲ್ಲ.

ಈಗ ಗುಂಪಿನ ವ್ಯವಸ್ಥೆ. ವಾಟ್ಸ್‌ಆ್ಯಪ್ ಗುಂಪು ಇರಲಿ, ಆದರೆ ಅದರಲ್ಲಿ ವಾರಕ್ಕೆ ಒಂದೇ ಒಂದು ತಪ್ಪಿನ ಚೀಟಿ ಬರಬೇಕು, ಸರದಿಯ ಮೇಲೆ ಒಬ್ಬರಿಂದ. ನಾಲ್ವರಿದ್ದೀರಿ, ಒಬ್ಬರ ಸರದಿ ನಾಲ್ಕು ವಾರಕ್ಕೊಮ್ಮೆ ಬರುತ್ತದೆ. ಅದು ಯಾರಿಗೂ ಭಾರವಲ್ಲ. ಚೀಟಿಯಲ್ಲಿ ಐದೇ ಸಾಲು:

ಹೇಳಿದ್ದು: ಇನು ಗ ಅರಿಮಸು.
ಹೇಳಬೇಕಿದ್ದದ್ದು: ಇನು ಗ ಇಮಸು.
ಎಷ್ಟು ಜನ: 14 ಜನರಲ್ಲಿ 9.
ಯಾಕೆ: ‘ನಾಯಿ ಇದೆ’, ಕನ್ನಡದ ಗೆರೆ.
ಮಾಡಿಸಿದ್ದು: ಹತ್ತು ಚಿತ್ರ, ಐದು ಪ್ರಾಣಿ, ಐದು ವಸ್ತು, ತೋರಿಸಿದ ಕೂಡಲೇ ಹೇಳಬೇಕು.

ಮೂರನೆಯ ಸಾಲನ್ನು ಬಿಡಬೇಡಿ. ಒಬ್ಬನ ತಪ್ಪಾದರೆ ಅದು ಅವನ ತಪ್ಪು, ಒಂಬತ್ತು ಜನರದ್ದಾದರೆ ಅದಕ್ಕೆ ಬೇರು ಇದೆ. ನಾಲ್ಕನೆಯ ಸಾಲು ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಅದನ್ನು ತುಂಬುವುದೇ ಉಳಿದವರ ಕೆಲಸ. ಫ್ರೆಂಚ್ ಶಿಕ್ಷಕಿಗೆ ಜಪಾನಿ ಬಾರದಿದ್ದರೂ ಈ ಸಾಲಿಗೆ ಉತ್ತರ ಹೊಳೆಯಬಹುದು, ಏಕೆಂದರೆ ಉತ್ತರ ಇರುವುದು ಕನ್ನಡದಲ್ಲಿ. ವರ್ಷಕ್ಕೆ ಐವತ್ತು ಚೀಟಿ ಆಗುತ್ತವೆ. ಅವನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ, ಫೋನಿನಲ್ಲಿ ಬಿಟ್ಟರೆ ಮೂರು ತಿಂಗಳಲ್ಲಿ ಹುಡುಕಿದರೂ ಸಿಗುವುದಿಲ್ಲ.

ಎರಡನೆಯದು ಪರೀಕ್ಷೆ. ನಿಮ್ಮ ಜೆಎಲ್‌ಪಿಟಿಯಲ್ಲಿ ಮಾತಾಡುವ ಭಾಗವಿಲ್ಲ, ಬರೆಯುವ ಭಾಗವೂ ಇಲ್ಲ. ಹಾಗಾಗಿ ಎನ್5 ಪಾಸಾದ ಹುಡುಗ ಕಾರ್ಖಾನೆಯಲ್ಲಿ ಜಪಾನಿ ಮೇಲಧಿಕಾರಿ ಮುಂದೆ ಬಾಯಿ ಕಟ್ಟಿ ನಿಲ್ಲುತ್ತಾನೆ. ಜರ್ಮನ್‌ನ ಗೊಯ್ಥೆ ಎ1 ಪರೀಕ್ಷೆಯಲ್ಲಿ, ಫ್ರೆಂಚಿನ ಡೆಲ್ಫ್ ಎ1ನಲ್ಲಿ (ಎ1 ಎಂದರೆ ಮೊದಲ ಹಂತ) ಮಾತಿಗೆ ಅಂಕವಿದೆ. ಅದನ್ನು ಆಡಿಸುವ ಕ್ರಮ ನಿಮ್ಮ ಗೆಳೆಯರಿಗೆ ಗೊತ್ತು. ಗೊಯ್ಥೆ ಎ1ರಲ್ಲಿ ಹೆಚ್ಚೆಂದರೆ ನಾಲ್ವರನ್ನು ಒಟ್ಟಿಗೆ ಕೂರಿಸಿ ಸುಮಾರು 15 ನಿಮಿಷ ಮಾತಾಡಿಸುತ್ತಾರೆ. ಮೊದಲು ಪರಿಚಯ, ಆಮೇಲೆ ಚೀಟಿ ಎತ್ತಿ ಅದರ ಮೇಲೆ ಒಬ್ಬ ಪ್ರಶ್ನೆ ಕೇಳಿ ಇನ್ನೊಬ್ಬ ಉತ್ತರಿಸುವುದು, ಕೊನೆಗೆ ಚಿತ್ರ ನೋಡಿ ಏನಾದರೂ ಕೇಳಿಕೊಳ್ಳುವುದು. ವಿಷಯ ‘ಊಟ’, ಚೀಟಿಯಲ್ಲಿ ‘ಭಾನುವಾರ’ ಎಂದಿದ್ದರೆ ‘ಭಾನುವಾರ ಏನು ತಿನ್ನುತ್ತೀರಿ’ ಎಂದು ಕೇಳಬೇಕು. ಇದನ್ನು ಹಾಗೆಯೇ ಎತ್ತಿಕೊಳ್ಳಿ. ನಾಲ್ಕು ವಿಷಯ, ವಿಷಯಕ್ಕೆ ಆರರಂತೆ 24 ಚೀಟಿ ಸಾಕು. ನಿಮ್ಮ ಹುಡುಗರಿಗೆ ವಿಷಯಗಳು ಕೆಲಸದ ಜಾಗದಿಂದ ಬರಲಿ. ಜಪಾನಿ ಕಂಪನಿಗಳಲ್ಲಿ ‘ಹೋರೆನ್‌ಸೋ’ ಎಂಬ ಪದ್ಧತಿಯಿದೆ, ವರದಿ ಮಾಡು, ತಿಳಿಸು, ಕೇಳಿ ಮಾಡು ಎಂಬ ಮೂರರ ಮೊದಲಕ್ಷರಗಳನ್ನು ಕೂಡಿಸಿದ್ದು. ‘ಕಿಕಯ್ ಗ ತೊಮರಿಮಶಿತ’ (ಯಂತ್ರ ನಿಂತಿದೆ) ಎಂದು ತಿಳಿಸುವುದು, ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆಗೆ ಉತ್ತರಿಸುವುದು, ಮುಂದೇನು ಮಾಡಲಿ ಎಂದು ಕೇಳುವುದು. ಇಷ್ಟು ಬಂದರೆ ಆ ಹುಡುಗನ ಕೆಲಸವೇ ಬದಲಾಗುತ್ತದೆ.

ಆಡಿಸುವಾಗ ನಡುವೆ ತಿದ್ದಬೇಡಿ. ಕೈಯಲ್ಲಿ ಹಾಳೆ ಹಿಡಿದು ಒಬ್ಬೊಬ್ಬರದ್ದೂ ಮೂರು ತಪ್ಪು ಮಾತ್ರ ಗುರುತು ಹಾಕಿ, ಮುಗಿದ ಮೇಲೆ ಹೇಳಿ. ನಡುವೆ ಒಂದು ಸಲ ತಡೆದರೆ ನಾಚಿಕೆಯ ಮಗು ಆ ದಿನ ಮತ್ತೆ ಬಾಯಿ ಬಿಡುವುದಿಲ್ಲ. ಚೀಟಿಗಳನ್ನು ಆರು ವಾರಕ್ಕೊಮ್ಮೆ ಬದಲಿಸಿ, ಇಲ್ಲವಾದರೆ ಉತ್ತರಗಳು ಬಾಯಿಪಾಠವಾಗುತ್ತವೆ.

ಇದಕ್ಕೆ ಬದಲಾಗಿ ನೀವು ಅವರಿಗೆ ಕೊಡಬಹುದಾದದ್ದು ಕೇಳಿಸಿಕೊಳ್ಳುವ ಅಭ್ಯಾಸ. ಎನ್5ರಲ್ಲಿ 180ಕ್ಕೆ 80 ಬಂದರೆ ಪಾಸು, ಆದರೆ ಭಾಷೆ ಮತ್ತು ಓದಿನ ಭಾಗದಲ್ಲಿ 120ಕ್ಕೆ 38, ಕೇಳುವ ಭಾಗದಲ್ಲಿ 60ಕ್ಕೆ 19 ಬೇರೆ ಬೇರೆಯಾಗಿ ಬರಲೇಬೇಕು. ಒಟ್ಟು ನೂರು ದಾಟಿಯೂ ಕೇಳುವುದರಲ್ಲಿ 18 ತೆಗೆದು ಫೇಲಾಗುವುದು ಇದರಿಂದಲೇ. ಆ ಧ್ವನಿ ಒಂದೇ ಸಲ ಕೇಳಿಸುತ್ತಾರೆ. ಹೀಗಾಗಿ ‘ಒಂದೇ ಸಲ ಕೇಳಿ ಉತ್ತರಿಸು’ ಎಂಬ ಕಟ್ಟುನಿಟ್ಟು ಜಪಾನಿ ತರಗತಿಗೆ ಅಗತ್ಯ. ಆ ಅಭ್ಯಾಸ ಜರ್ಮನ್, ಫ್ರೆಂಚ್ ತರಗತಿಗೂ ಒಳ್ಳೆಯದು, ಪರೀಕ್ಷೆಯ ಹೆಚ್ಚಿನ ಭಾಗಗಳಲ್ಲಿ ಎರಡು ಸಲ ಕೇಳಿಸಿದಾಗ ಅವರಿಗೆ ನಿರಾಳವಾಗುತ್ತದೆ. ಮಕ್ಕಳು ವರ್ಷವಿಡೀ ನಿಮ್ಮೊಬ್ಬರ ದನಿಗೇ ಒಗ್ಗಿರುತ್ತಾರೆ. ಇದಕ್ಕಾಗಿ ಜಪಾನಿ ಕಲಿಸುವ ಇನ್ನೊಬ್ಬರನ್ನು ತುಮಕೂರು ಕಡೆ ಹುಡುಕಿ, ವಾರಕ್ಕೆ ಹತ್ತು ವಾಕ್ಯ ಓದಿ ಕಳಿಸುವ ಒಪ್ಪಂದ ಮಾಡಿಕೊಳ್ಳಿ. ‘ವ’ ಮತ್ತು ‘ಗ’ ಪ್ರತ್ಯಯಗಳ ವ್ಯತ್ಯಾಸದಂಥ ಗೊಂದಲಕ್ಕೂ ಅದೇ ಭಾಷೆ ಕಲಿಸುವ ಒಬ್ಬರು ಬೇಕೇ ಬೇಕು.

ಮೂರನೆಯದು ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂರುವುದು. ಎರಡು ತಿಂಗಳಿಗೊಮ್ಮೆ ಸಾಕು. ಸಂಸ್ಥೆಯ ಮುಖ್ಯಸ್ಥರ ಅನುಮತಿ ಮೊದಲೇ ಪಡೆಯಿರಿ. ಕೂತವರು ಅಭಿಪ್ರಾಯ ಬರೆಯುವುದು ಬೇಡ. ಒಂದು ಹಾಳೆಯಲ್ಲಿ ಮೂರು ಕಂಬ ಹಾಕಿಕೊಳ್ಳಿ: ಶಿಕ್ಷಕರ ಮಾತು, ವಿದ್ಯಾರ್ಥಿಗಳ ಮಾತು, ಬರವಣಿಗೆ ಅಥವಾ ಮೌನ. ಪ್ರತಿ 30 ಸೆಕೆಂಡಿಗೆ ಆ ಗಳಿಗೆಯಲ್ಲಿ ಏನು ನಡೆಯುತ್ತಿದೆಯೋ ಆ ಕಂಬದಲ್ಲಿ ಒಂದು ಗೆರೆ. 40 ನಿಮಿಷದ ಪಾಠಕ್ಕೆ 80 ಗೆರೆ. ಪಾಠ ಮುಗಿದ ಮೇಲೆ ಹಾಳೆಯನ್ನು ಪಾಠ ಮಾಡಿದವರ ಕೈಗೆ ಕೊಟ್ಟು ಸುಮ್ಮನಿರಿ. ಮೊದಲು ಮಾತಾಡಬೇಕಾದವರು ಅವರು. ಎಂಬತ್ತರಲ್ಲಿ ಅರವತ್ತು ತಮ್ಮದೇ ಕಂಬದಲ್ಲಿ ಕಂಡಾಗ ಯಾರೂ ಉಪದೇಶ ಮಾಡುವ ಅಗತ್ಯ ಇರುವುದಿಲ್ಲ. ಇಲ್ಲಿ ಕೆಡುವುದು ಒಂದೇ ಕಡೆ. ಆ ಹಾಳೆಯನ್ನು ಆಡಳಿತದವರು ಕೇಳಿ ಪಡೆದು ಶಿಕ್ಷಕರನ್ನು ಅಳೆಯಲು ಬಳಸಿದರೆ ಮುಂದಿನ ಸಲ ಯಾರೂ ಬಾಗಿಲು ತೆರೆಯುವುದಿಲ್ಲ. ಹಾಳೆ ಪಾಠ ಮಾಡಿದವರದ್ದು, ಅದರ ಜೆರಾಕ್ಸ್ ಕೂಡ ಬೇರೆಯವರ ಬಳಿ ಇರಬಾರದು.

ಭೇಟಿಗೆ ಚಿಂತಾಮಣಿ ಕೋಲಾರಕ್ಕೂ ಚಿಕ್ಕಬಳ್ಳಾಪುರಕ್ಕೂ ನಡುದಾರಿ, ಬಸ್ಸು ಸಿಗುತ್ತದೆ. ತುಮಕೂರಿನವರು ತಿಂಗಳ ಸಭೆಗೆ ಫೋನಿನಲ್ಲಿ ಸೇರಲಿ, ಮೂರು ತಿಂಗಳಿಗೊಮ್ಮೆ ಎಲ್ಲರೂ ಬೆಂಗಳೂರಿನಲ್ಲಿ ಸೇರಿ. ಅಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾಂಸೇಸ್ ಎರಡೂ ಇವೆ, ಅವುಗಳ ಗ್ರಂಥಾಲಯ ನೋಡಿಕೊಂಡು ಬರಬಹುದು. ಸಭೆ ಎರಡು ಗಂಟೆ ಮೀರದಿರಲಿ.

ನೋಟ್ಸ್ ವಿಷಯದಲ್ಲಿ ಮನಸ್ತಾಪ ಬರುವುದು ಸಹಜ, ಮೊದಲೇ ಮಾತಾಡಿಕೊಳ್ಳಿ. ವರ್ಕ್‌ಶೀಟ್ ಮಾಡಿದವರ ಹೆಸರು ಅದರ ಕೆಳಗೆ ಇರಬೇಕು. ಬಳಸಿದವರು ಏನು ಬದಲಿಸಿದರೆಂದು ಮರಳಿ ತಿಳಿಸಬೇಕು. ಗುಂಪಿನ ಹೊರಗೆ ಕಳಿಸುವ ಮುನ್ನ ಕೇಳಬೇಕು. ಒಬ್ಬರ ವಿದ್ಯಾರ್ಥಿಯನ್ನು ಇನ್ನೊಬ್ಬರು ಟ್ಯೂಷನ್‌ಗೆ ಕರೆಯಬಾರದು. ಸಂಸ್ಥೆಯ ಸಂಬಳದಲ್ಲಿ ತಯಾರಿಸಿದ ಪಾಠವಾದರೆ ಸಂಸ್ಥೆಯ ಒಪ್ಪಿಗೆಯೂ ಬೇಕಾಗಬಹುದು. ಅಚ್ಚಾದ ಪುಸ್ತಕಗಳ ಪಿಡಿಎಫ್ ಹಂಚುವುದು ಬೇಡ. ಜಪಾನ್ ಫೌಂಡೇಶನ್ ಧ್ವನಿಯೊಂದಿಗೆ ಉಚಿತವಾಗಿ ಕೊಡುವ ಪಾಠಗಳಿವೆ, ಮೂರೂ ಪರೀಕ್ಷೆಯ ಮಾದರಿ ಪ್ರಶ್ನೆಗಳೂ ಉಚಿತವಾಗಿ ಸಿಗುತ್ತವೆ. ಅವೇ ಸಾಕಷ್ಟಾಗುತ್ತವೆ.

ಕೊನೆಗೆ ನಿಮ್ಮ ಹುರುಪಿನ ಮಾತು. ಮೂರು ವರ್ಷ ಬರೀ ಎನ್5 ಕಲಿಸಿದರೆ ನಿಮ್ಮ ಸ್ವಂತ ಜಪಾನಿಯೂ ಎನ್5 ಮಟ್ಟಕ್ಕೇ ಇಳಿಯತೊಡಗುತ್ತದೆ. ಬೇಸರದ ಅರ್ಧ ಅಲ್ಲಿಂದಲೇ ಬರುತ್ತದೆ, ಮತ್ತು ಅದು ನಿಮ್ಮ ಶ್ರದ್ಧೆಯ ಕೊರತೆಯಲ್ಲ. ದಿನಕ್ಕೆ ಅರ್ಧ ಗಂಟೆ ನಿಮ್ಮ ಮಟ್ಟದ ಓದಿಗೆ ಎತ್ತಿಡಿ, ಮುಂದಿನ ಹಂತದ ಪರೀಕ್ಷೆಗೆ ಹೆಸರು ಕಟ್ಟಿ. ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತದೆ, ಬೆಂಗಳೂರಿನಲ್ಲೇ ಬರೆಯಬಹುದು, ವಿದ್ಯಾರ್ಥಿಗಳ ಜೊತೆಗೇ ಹೋಗಿ ಕೂರಬಹುದು. ಇನ್ನೊಂದು, ಚಿಕ್ಕಬಳ್ಳಾಪುರದ ಗೆಳೆಯರಿಂದ ವಾರಕ್ಕೆ ಅರ್ಧ ಗಂಟೆ ಜರ್ಮನ್ ಕಲಿಯಿರಿ, ಅವರಿಗೆ ಅಷ್ಟೇ ಹೊತ್ತು ಜಪಾನಿ ಕಲಿಸಿ. ಆ ‘ಯ್’ ಜಾಗದಲ್ಲಿ ನಾಲಿಗೆ ಇಟ್ಟು ಉಸಿರು ಊದಲು ನೀವೇ ಹೆಣಗುವಾಗ, ‘ತ್ಸು’ ಎನ್ನಲಾಗದೆ ತಲೆ ತಗ್ಗಿಸುವ ಹಿಂದಿನ ಬೆಂಚಿನ ಹುಡುಗ ನಿಮಗೆ ಬೇರೆಯಾಗಿಯೇ ಕಾಣುತ್ತಾನೆ.

ಗುಂಪಿನಲ್ಲಿ ಈ ವಾರ ಸಭೆಯ ದಿನಾಂಕ ಕೇಳುವ ಬದಲು ನೇರವಾಗಿ ಮೊದಲ ಚೀಟಿ ಹಾಕಿ. ‘ಯೆಕಿ’ಯಿಂದ ಶುರು ಮಾಡಿ. ನಿಮ್ಮಲ್ಲಿ ಎಷ್ಟು ಜನ ‘ಯೆ’ ಎನ್ನುತ್ತಾರೆ ಎಂದು ಉಳಿದ ಮೂವರನ್ನೂ ಎಣಿಸಿ ತರಲು ಹೇಳಿ.